ದೇವರು ರಕ್ತ ಕೇಳುತ್ತಿದ್ದರೇ? ಬಲಿಯ ನೆತ್ತರು ಹೋಗುತ್ತಿದ್ದ ದಾರಿಗಳು

ಪ್ರಶ್ನೆ: ಪ್ರಾಚೀನ ಧರ್ಮಗಳ ಬಗ್ಗೆ ಓದಿದಲ್ಲೆಲ್ಲ ಪ್ರಾಣಿಬಲಿಯ, ರಕ್ತದ ಆಚರಣೆಗಳ ವರ್ಣನೆ ಸಿಗುತ್ತದೆ. ದೇವರು ರಕ್ತ ಕುಡಿಯುತ್ತಾನೆ ಎಂದೇ ಅವರೆಲ್ಲ ನಂಬಿದ್ದರೇ? ರೋಮಿನವರು ಗೂಳಿಯ ರಕ್ತದಲ್ಲಿ ಮೀಯುತ್ತಿದ್ದರೆಂಬುದು ನಿಜವೇ? ಕೊನೆಗೆ ಬಲಿ ನಿಂತದ್ದು ಮನುಷ್ಯರಲ್ಲಿ ಕರುಣೆ ಬೆಳೆದದ್ದರಿಂದಲೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ‘ಇಲ್ಲ’ ಎಂದೇ ಹೇಳಬೇಕಾಗುತ್ತದೆ. ದೇವತೆ ರಕ್ತವನ್ನು ಸ್ವೀಕರಿಸುತ್ತದೆಂಬ ನಂಬಿಕೆ ಕೆಲವೆಡೆ ಸ್ಪಷ್ಟವಾಗಿಯೇ ಇತ್ತು. ಬಹಳ ಕಡೆ ಅದಕ್ಕೆ ಆಸ್ಪದವಿರಲಿಲ್ಲ. ಇನ್ನು ಕೆಲವೆಡೆ ರಕ್ತವು ದೇವರ ಹತ್ತಿರ ಸುಳಿಯಲೇಬಾರದ ವಸ್ತುವಾಗಿತ್ತು. ಇಂದು ನಾವು ‘ಬಲಿ’ ಎಂಬ ಒಂದೇ ಹೆಸರಿನಡಿ ಸೇರಿಸಿಬಿಡುವ ಆಚರಣೆಗಳು ಒಂದರಿಂದೊಂದು ಎಷ್ಟು ದೂರ ನಿಂತಿವೆ ಎಂಬುದು, ಕೊಂದ ಮೇಲೆ ರಕ್ತವನ್ನು ಎಲ್ಲಿಗೆ ಒಯ್ದರು, ಯಾರು ಅದನ್ನು ಮುಟ್ಟಿದರು, ಮಾಂಸವನ್ನು ಯಾರು ಉಂಡರು ಎಂದು ಕೇಳಿದಾಗ ಗೊತ್ತಾಗುತ್ತದೆ. ಕೊಲ್ಲುವ ಗಳಿಗೆ ಹೊರಗಿನಿಂದ ನೋಡುವವರ ಕಣ್ಣಿಗೆ ಹೊಡೆಯುವುದರಿಂದ ಅದೇ ವಿಧಿಯ ತಿರುಳೆಂದು ನಾವು ಭಾವಿಸುತ್ತೇವೆ. ವಿಧಿಯನ್ನು ವಿವರಿಸುವ ಮೂಲ ಗ್ರಂಥಗಳಲ್ಲಿ ಆ ಗಳಿಗೆಗೆ ಸಿಗುವ ಜಾಗ ಮಾತ್ರ ಅನೇಕ ವೇಳೆ ಬಹಳ ಚಿಕ್ಕದು.

ಇದಕ್ಕೆ ವೈದಿಕ ಪಶುಯಾಗಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಯಜ್ಞವಿಧಿಗಳನ್ನು ವಿವರಿಸುವ ‘ಬ್ರಾಹ್ಮಣ’ಗಳೆಂಬ ವೈದಿಕ ಗ್ರಂಥಗಳ ಪ್ರಕಾರ ಯೂಪವೆಂಬ ಕಂಬಕ್ಕೆ ಕಟ್ಟಿದ ಪಶುವನ್ನು ಅಲ್ಲಿಯೇ ಕಡಿಯುವಂತಿರಲಿಲ್ಲ; ಬಿಚ್ಚಿ, ಶಾಮಿತ್ರವೆಂಬ ಬೇರೆ ಜಾಗಕ್ಕೆ ಒಯ್ದು, ಶಮಿತೃ ಎಂಬ ಪ್ರತ್ಯೇಕ ಕೆಲಸಗಾರನು ಉಸಿರುಕಟ್ಟಿಸಿ ಸಾಯಿಸುತ್ತಿದ್ದನು. ಆ ಹೊತ್ತಿಗೆ ಯಜ್ಞ ನಡೆಸುವ ಋತ್ವಿಜರು ಅತ್ತ ನೋಡದೆ ಆಹವನೀಯ ಅಗ್ನಿಯ ಕಡೆಗೆ ಮುಖಮಾಡಿ ಕುಳಿತಿರಬೇಕೆಂದು ಶತಪಥ ಬ್ರಾಹ್ಮಣ ಹೇಳುತ್ತದೆ. ಅಗ್ನಿಗೆ ಅರ್ಪಿಸುತ್ತಿದ್ದ ಮೊದಲ ಮುಖ್ಯ ಆಹುತಿ ವಪೆ, ಎಂದರೆ ಕರುಳನ್ನು ಹೊದ್ದಿರುವ ಕೊಬ್ಬಿನ ತೆಳು ಪೊರೆ. ರಕ್ತದ ಗತಿಯೇನು? ಪಶುವನ್ನು ಸೀಳುವಾಗ ದರ್ಭೆಯ ತುಂಡಿಗೆ ರಕ್ತ ಹಚ್ಚಿ, ಇದು ರಾಕ್ಷಸರ ಪಾಲು ಎಂದು ಹೇಳಿ ಎಸೆಯುತ್ತಿದ್ದರು. ರಕ್ತವನ್ನು ರಾಕ್ಷಸರಿಗೆ ಬಿಡಬೇಕೆಂಬ ಮಾತು ಐತರೇಯ ಬ್ರಾಹ್ಮಣದಲ್ಲಿಯೂ ಇದೆ. ಹೀಗೆ, ಸಾವಿರಾರು ಪಶುಗಳನ್ನು ಕಂಡ ಒಂದು ಯಜ್ಞಪರಂಪರೆಯಲ್ಲಿ ರಕ್ತವು ಆಹುತಿಯಾಗಿರಲಿಲ್ಲ, ಯಜ್ಞವನ್ನು ಕೆಡಿಸಬಲ್ಲವರನ್ನು ದೂರವಿಡಲು ಕೊಟ್ಟ ಪಾಲಾಗಿತ್ತು. ಅಶ್ವಮೇಧದ ಕುದುರೆಯನ್ನು ಕುರಿತು ಋಗ್ವೇದದ ಮೊದಲ ಮಂಡಲದ ಸೂಕ್ತವೊಂದು, ನೀನು ಸಾಯುತ್ತಿಲ್ಲ, ನಿನಗೆ ನೋವಾಗುತ್ತಿಲ್ಲ, ಸುಗಮವಾದ ದಾರಿಯಲ್ಲಿ ದೇವತೆಗಳ ಬಳಿಗೆ ಹೋಗುತ್ತಿದ್ದೀಯೆ ಎನ್ನುತ್ತದೆ. ಕೊಲೆಯ ಅಳುಕು ಇಲ್ಲದವರಿಗೆ ಇಂಥ ಸಮಾಧಾನದ ಮಾತು ಬೇಕಾಗುವುದಿಲ್ಲ.

ಗ್ರೀಸಿನಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಕತ್ತಿ ಗಂಟಲಿನ ಮೇಲೆಯೇ ಇಳಿಯುತ್ತಿತ್ತು, ರಕ್ತ ಬಲಿಪೀಠದ ಮೇಲೆ ಚೆಲ್ಲುತ್ತಿತ್ತು, ಹೂದಾನಿಗಳ ಚಿತ್ರಗಳಲ್ಲಿ ಪೀಠದ ಬದಿಯ ರಕ್ತದ ಕಲೆಗಳನ್ನು ಚಿತ್ರಕಾರರು ಮರೆಯದೆ ಬರೆದಿದ್ದಾರೆ. ಆದರೂ ಒಲಿಂಪಸ್ಸಿನ ದೇವತೆಗಳಿಗೆ ಸಲ್ಲುತ್ತಿದ್ದುದು ಆ ರಕ್ತವಲ್ಲ. ಕೊಬ್ಬಿನಲ್ಲಿ ಸುತ್ತಿ ಸುಟ್ಟ ತೊಡೆಮೂಳೆಯಿಂದ ಏಳುವ ಹೊಗೆ. ಮಾಂಸವೆಲ್ಲ ಮನುಷ್ಯರಿಗೆ, ಮೂಳೆ ದೇವರಿಗೆ ಎಂಬ ಈ ವಿಚಿತ್ರ ಹಂಚಿಕೆಗೆ ಗ್ರೀಕರೇ ಕಾರಣ ಹುಡುಕಿದ್ದರು: ಪ್ರೊಮೀಥಿಯಸ್ ಮಿಕೋನೆಯಲ್ಲಿ ದೇವತೆಗಳ ರಾಜ ಜ್ಯೂಸನನ್ನು ವಂಚಿಸಿ ಕೊಬ್ಬು ಹೊದಿಸಿದ ಮೂಳೆಯ ರಾಶಿಯನ್ನು ಆರಿಸಿಕೊಳ್ಳುವಂತೆ ಮಾಡಿದನೆಂಬ ಕಥೆಯನ್ನು ಕವಿ ಹೆಸಿಯೋಡ್ ಹೇಳುತ್ತಾನೆ. ಇದು ಬರಿಯ ಕವಿಕಲ್ಪನೆಯಲ್ಲ. ಆರ್ಕೇಡಿಯದ ಲೈಕಯೋನ್ ಬೆಟ್ಟದ ಬೂದಿಯ ಬಲಿಪೀಠವನ್ನು ಅಗೆದಾಗ ಸಿಕ್ಕ ಸುಟ್ಟ ಮೂಳೆಗಳಲ್ಲಿ ಹೆಚ್ಚಿನವು ಆಡುಕುರಿಗಳ ತೊಡೆಮೂಳೆ, ಮಂಡಿಚಿಪ್ಪು ಮತ್ತು ಬಾಲದ ಮೂಳೆಗಳೇ ಆಗಿದ್ದವು.

ಗ್ರೀಕರ ಲೋಕದಲ್ಲಿ ರಕ್ತ ಕುಡಿಯುವವರು ಇರಲಿಲ್ಲವೆಂದಲ್ಲ. ಅವರು ಸತ್ತವರು. ಹೋಮರನ ಒಡಿಸ್ಸಿ ಕಾವ್ಯದ ಹನ್ನೊಂದನೆಯ ಸರ್ಗದಲ್ಲಿ ಒಡಿಸ್ಯೂಸ್ ನೆಲದಲ್ಲಿ ಗುಂಡಿ ತೋಡಿ ಕುರಿಗಳ ರಕ್ತವನ್ನು ಸುರಿಯುತ್ತಾನೆ, ಪ್ರೇತಗಳು ಮುತ್ತಿಕೊಳ್ಳುತ್ತವೆ, ಕಾಲಜ್ಞಾನಿ ಟೈರೇಸಿಯಸ್ ಬರುವವರೆಗೆ ಅವನು ಕತ್ತಿ ಹಿರಿದು ಅವುಗಳನ್ನು ತಡೆಯುತ್ತಾನೆ. ಅವನ ಸ್ವಂತ ತಾಯಿಯ ಪ್ರೇತವೂ ಆ ರಕ್ತವನ್ನು ಕುಡಿಯುವವರೆಗೆ ಮಗನ ಗುರುತು ಹಿಡಿಯುವುದಿಲ್ಲ. ಮೇಲಿನ ದೇವತೆಗಳಿಗೆ ಹೊಗೆ, ನೆಲದಡಿಯ ಸತ್ತವರಿಗೂ ವೀರರಿಗೂ ರಕ್ತ ಎಂಬ ಈ ವಿಂಗಡಣೆ ಪ್ರತಿಯೊಂದು ಆಚರಣೆಗೂ ಕಟ್ಟುನಿಟ್ಟಾಗಿ ಹೊಂದುವುದಿಲ್ಲವಾದರೂ, ರಕ್ತವು ಯಾರಿಗೆ ಬೇಕಾಗಿತ್ತೆಂಬ ನಿಮ್ಮ ಪ್ರಶ್ನೆಗೆ ಗ್ರೀಕರು ಕೊಡಬಹುದಾಗಿದ್ದ ಉತ್ತರ ಸರಿಸುಮಾರು ಇದೇ.

ರಕ್ತದ ಬಗ್ಗೆ ಅತ್ಯಂತ ಕೂಲಂಕಷವಾಗಿ ಯೋಚಿಸಿದವರು ಪ್ರಾಚೀನ ಇಸ್ರೇಲಿನ ಯಾಜಕರು. ಪ್ರಾಣಿಯ ಪ್ರಾಣವು ರಕ್ತದಲ್ಲಿದೆ, ಆದ್ದರಿಂದ ಅದನ್ನು ತಿನ್ನಬಾರದು, ಯಜ್ಞವೇದಿಯ ಮೇಲೆ ದೋಷಪರಿಹಾರಕ್ಕಾಗಿ ಅದನ್ನು ಕೊಡಲಾಗಿದೆ ಎಂಬುದು ಬೈಬಲ್ಲಿನ ಯಾಜಕಕಾಂಡದ 17ನೆಯ ಅಧ್ಯಾಯದ ನಿಯಮ. ಪ್ರಾಣ ಕೊಟ್ಟವನಿಗೇ ಪ್ರಾಣ ಹಿಂದಿರುಗಬೇಕು. ಮಾಂಸ ಮನುಷ್ಯನಿಗೆ ಸಲ್ಲಬಹುದು, ರಕ್ತ ಸಲ್ಲದು. ಇನ್ನೂ ಸ್ವಾರಸ್ಯವಾದದ್ದು ದೋಷಪರಿಹಾರಕ ದಿನದ ವಿಧಿ. ಎರಡು ಹೋತಗಳಿಗೆ ಚೀಟು ಹಾಕಿ, ಒಂದನ್ನು ವಧಿಸಿ ಅದರ ರಕ್ತವನ್ನು ಗರ್ಭಗುಡಿಯಲ್ಲಿ ಚಿಮುಕಿಸುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಮಹಾಯಾಜಕನು ಕೈಯಿಟ್ಟು ಜನರ ಪಾಪಗಳನ್ನು ಅರಿಕೆ ಮಾಡಿದ ಮೇಲೆ ಅದನ್ನು ಜೀವಂತವಾಗಿಯೇ ಮರುಭೂಮಿಗೆ ಅಟ್ಟುತ್ತಿದ್ದರು. ಪಾಪ ಹೊತ್ತ ಹೋತ ಸಾಯುವುದಿಲ್ಲ, ಸತ್ತ ಹೋತ ಪಾಪ ಹೊರುವುದಿಲ್ಲ ಎಂಬುದನ್ನು ಗಮನಿಸಬೇಕು. ರಕ್ತ ಇಲ್ಲಿ ತೊಳೆಯುತ್ತಿದ್ದುದು ಮನುಷ್ಯನನ್ನಲ್ಲ, ಜನರ ದೋಷಗಳಿಂದ ಮಲಿನವಾದ, ಅವರ ದೇವಾಲಯವಾಗಿದ್ದ ಗುಡಾರವನ್ನು ಎಂದು ಬೈಬಲ್ ವಿದ್ವಾಂಸ ಜೇಕಬ್ ಮಿಲ್‌ಗ್ರೋಮ್ ವಾದಿಸಿದರು. ರಕ್ತವನ್ನು ಹಚ್ಚುತ್ತಿದ್ದ ಜಾಗಗಳನ್ನು ಒಂದೊಂದಾಗಿ ನೋಡಿದರೆ ಅವರ ವಾದ ನನಗೆ ಬಲವಾಗಿಯೇ ಕಾಣುತ್ತದೆ. ಇದಕ್ಕೆ ನೆರೆಯಲ್ಲಿಯೇ ಹೋಲಿಕೆಯೂ ಇದೆ: ಇಂದಿನ ತುರ್ಕಿಯಲ್ಲಿ ಆಳಿದ ಹಿಟ್ಟೈಟರ ವಿಧಿಯೊಂದರಲ್ಲಿ ಹೊಸ ದೇವಾಲಯದ ಚಿನ್ನದ ವಿಗ್ರಹಕ್ಕೆ, ಗೋಡೆಗೆ, ಪಾತ್ರೆಗಳಿಗೆ ರಕ್ತ ಬಳಿದು ಶುದ್ಧಿ ಮಾಡುತ್ತಿದ್ದರು.

ಗ್ರೀಕರೂ ಕೊಲೆಗಾರನನ್ನು ಹಂದಿಮರಿಯ ರಕ್ತದಿಂದ ಶುದ್ಧಿ ಮಾಡುತ್ತಿದ್ದರು. ಇದನ್ನು ನೋಡಿಯೇ ಗ್ರೀಕ್ ತತ್ತ್ವಜ್ಞಾನಿ ಹೆರಾಕ್ಲೈಟಸ್, ರಕ್ತದಿಂದ ಮಲಿನರಾದವರು ರಕ್ತದಿಂದಲೇ ಶುದ್ಧರಾಗಲು ಹೊರಡುವುದು ಕೆಸರು ಮೆಟ್ಟಿದವನು ಕೆಸರಿನಿಂದಲೇ ಕಾಲು ತೊಳೆದಂತೆ ಎಂದು ಹಂಗಿಸಿದ್ದು.

ಮೆಸೊಪೊಟೇಮಿಯದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ದೇವಾಲಯವು ದೇವರ ಮನೆ, ಬಲಿಯು ದೇವರ ಊಟ; ರೊಟ್ಟಿ, ಬಿಯರ್, ಖರ್ಜೂರಗಳ ಜೊತೆಗೆ ಮಾಂಸವೂ ಒಂದು. ಪ್ರಾಣಿಯ ಯಕೃತ್ತಿನ ಗುರುತುಗಳನ್ನು ಓದಿ ಭವಿಷ್ಯ ಹೇಳುವುದಕ್ಕೆ ಇದ್ದ ಮಹತ್ವ ಅದರ ರಕ್ತಕ್ಕೆ ಇರಲಿಲ್ಲ. ಜಲಪ್ರಳಯದ ನಂತರ ಹಸಿದ ದೇವತೆಗಳು ಬಲಿಯ ಸುವಾಸನೆಗೆ ನೊಣಗಳಂತೆ ಮುತ್ತಿದರೆಂದು ಅಲ್ಲಿನ ಕಾವ್ಯಗಳು ಹೇಳುತ್ತವೆ, ಆದರೆ ಅವರನ್ನು ಸೆಳೆದದ್ದು ವಾಸನೆ.

ಹಾಗಾದರೆ ದೇವತೆಗೇ ರಕ್ತ ಸಲ್ಲುತ್ತಿದ್ದುದು ಎಲ್ಲಿ? ಶಾಕ್ತ ಪರಂಪರೆಯಲ್ಲಿ ಇದಕ್ಕೆ ನೇರ ಆಧಾರವಿದೆ. ಕಾಲಿಕಾ ಪುರಾಣದ ರುಧಿರಾಧ್ಯಾಯವು ಯಾವ ಯಾವ ಪ್ರಾಣಿಯ ರಕ್ತದಿಂದ ದೇವಿ ಎಷ್ಟೆಷ್ಟು ಕಾಲ ತೃಪ್ತಳಾಗಿರುತ್ತಾಳೆಂದು ವಿವರಿಸುತ್ತದೆ. ರಕ್ತವನ್ನು ರಾಕ್ಷಸರಿಗೆ ಎಸೆದ ವೈದಿಕ ವಿಧಿಗೂ ಇದಕ್ಕೂ ನಡುವಿನ ಅಂತರವನ್ನು ನೋಡಿದರೆ, ‘ಹಿಂದೂ ಬಲಿ’ ಎಂದು ಒಂದೇ ಮಾತಿನಲ್ಲಿ ಹೇಳುವುದು ಎಷ್ಟು ಅಸಮರ್ಪಕವೆಂಬುದು ತಿಳಿಯುತ್ತದೆ. ಪಶ್ಚಿಮ ಆಫ್ರಿಕದ ಯೊರುಬ ಸಂಪ್ರದಾಯದಲ್ಲಿಯೂ ಅಲ್ಲಿಂದ ಕ್ಯೂಬ, ಬ್ರೆಜಿಲ್‌ಗಳಿಗೆ ಗುಲಾಮರೊಂದಿಗೆ ಹೋದ ಆರಾಧನೆಗಳಲ್ಲಿಯೂ ರಕ್ತವು ‘ಅಶೆ’ ಎಂಬ ಚೈತನ್ಯದ ವಾಹಕ. ಒರಿಶಾ ದೇವತೆಗಳ ಕಲ್ಲುಗಳಿಗೂ ವಸ್ತುಗಳಿಗೂ ಅದನ್ನು ಎರೆಯುತ್ತಾರೆ, ಮಾಂಸವನ್ನು ಬಹುಪಾಲು ಸಂದರ್ಭಗಳಲ್ಲಿ ಬೇಯಿಸಿ ಉಣ್ಣುತ್ತಾರೆ.

ಮಧ್ಯ ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು, ಏಕೆಂದರೆ ಅಲ್ಲಿ ಅತ್ಯಂತ ಬೆಲೆಯುಳ್ಳ ರಕ್ತ ಪ್ರಾಣಿಯದಾಗಿರಲಿಲ್ಲ. ಮಾಯಾ ಜನರ ಯಾಶ್‌ಚಿಲಾನ್ ನಗರದಿಂದ ಬಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬಾಗಿಲ ತೊಲೆಯ ಕಲ್ಲೊಂದರಲ್ಲಿ, ಕ್ರಿ.ಶ. 709ರ ಒಂದು ವಿಧಿ ಕೆತ್ತಲ್ಪಟ್ಟಿದೆ: ರಾಜ ಉರಿಯುವ ಪಂಜು ಹಿಡಿದು ನಿಂತಿದ್ದಾನೆ, ಅವನ ಮುಂದೆ ಮಂಡಿಯೂರಿದ ರಾಣಿ ಕಬಾಲ್ ಶೋಕ್ ಮುಳ್ಳು ಪೋಣಿಸಿದ ಹಗ್ಗವನ್ನು ತನ್ನ ನಾಲಿಗೆಯ ಮೂಲಕ ಎಳೆಯುತ್ತಿದ್ದಾಳೆ. ಬುಟ್ಟಿಯಲ್ಲಿರುವ ಕಾಗದದ ಮೇಲೆ ರಕ್ತ ತೊಟ್ಟಿಕ್ಕುತ್ತಿದೆ. ಆ ಕಾಗದವನ್ನು ಸುಟ್ಟು ಹೊಗೆಯನ್ನು ದೇವತೆಗಳಿಗೂ ಪೂರ್ವಜರಿಗೂ ಕಳಿಸುತ್ತಿದ್ದರು. ಅಲ್ಲಿಯ ಪುರಾಣದ ಪ್ರಕಾರ ಇದು ಸಾಲ ತೀರಿಸುವಿಕೆ. ಕೆಟ್ಸಲ್‌ಕೋಆಟ್ಲ್ ದೇವತೆ ಪಾತಾಳದಿಂದ ತಂದ ಮೂಳೆಗಳ ಮೇಲೆ ತನ್ನದೇ ರಕ್ತ ಸುರಿಸಿ ಮನುಷ್ಯನನ್ನು ಮಾಡಿದನೆಂದು ಅಜ್ಟೆಕ್ ಜನ ನಂಬಿದ್ದರು. ಮೊದಲು ದೇವರು ಕೊಟ್ಟ ರಕ್ತವನ್ನು ಮನುಷ್ಯ ಹಿಂದಿರುಗಿಸುತ್ತಿದ್ದಾನೆ ಎಂಬಲ್ಲಿ, ‘ರಕ್ತಪಿಪಾಸು ದೇವರು’ ಎಂಬ ಮಾತು ಆ ಲೆಕ್ಕಾಚಾರದ ಅರ್ಧವನ್ನು ಮಾತ್ರ ಹೇಳುತ್ತದೆ.

ರಕ್ತಕ್ಕೆ ದೇವರ ಆಹಾರದೊಡನೆ ಸಂಬಂಧವೇ ಇಲ್ಲದ ಕೆಲಸಗಳೂ ಇದ್ದವು. ಆಣೆ ಅವುಗಳಲ್ಲಿ ಮುಖ್ಯವಾದದ್ದು. ಪ್ರಾಚೀನ ಚೀನದಲ್ಲಿ ಸಾಮಂತರು ಒಪ್ಪಂದ ಮಾಡಿಕೊಳ್ಳುವಾಗ ಪ್ರಾಣಿಯನ್ನು ಕೊಂದು, ರಕ್ತವನ್ನು ತುಟಿಗೆ ಹಚ್ಚಿಕೊಂಡು, ಒಪ್ಪಂದದ ಪಾಠವನ್ನು ಬಲಿಪ್ರಾಣಿಯ ಜೊತೆಗೆ ಗುಂಡಿಯಲ್ಲಿ ಹೂಳುತ್ತಿದ್ದರು. 1965ರಲ್ಲಿ ಹೌಮಾ ಎಂಬಲ್ಲಿ ಇಂಥ ಗುಂಡಿಗಳು ಪತ್ತೆಯಾದವು. ಅವುಗಳಲ್ಲಿ ಕಲ್ಲಿನ ತೆಳು ಹಲಗೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಶಪಥಗಳು ಉಳಿದುಕೊಂಡಿದ್ದವು. ಒಪ್ಪಂದ ಮುರಿದವನ ಗತಿ ಏನಾಗಬೇಕೆಂಬುದನ್ನು ಅವು ಮುಚ್ಚುಮರೆಯಿಲ್ಲದೆ ಹೇಳುತ್ತವೆ.

ಈಗ ರೋಮಿನ ಗೂಳಿಯ ರಕ್ತಸ್ನಾನ. ಮರದ ಹಲಗೆಗಳಿಗೆ ತೂತು ಕೊರೆದು, ಕೆಳಗಿನ ಗುಂಡಿಯಲ್ಲಿ ಪುರೋಹಿತನು ನಿಂತು, ಮೇಲೆ ಇರಿದ ಗೂಳಿಯ ರಕ್ತದಲ್ಲಿ ತೊಯ್ಯುತ್ತಿದ್ದನೆಂಬ ಪ್ರಸಿದ್ಧ ಚಿತ್ರಕ್ಕೆ ಮುಖ್ಯ ಆಧಾರ ಸುಮಾರು 400ರ ಹೊತ್ತಿಗೆ ಬರೆದ ಕ್ರೈಸ್ತ ಕವಿ ಪ್ರುಡೆನ್ಷಿಯಸ್. ಅವನ ಉದ್ದೇಶವೇ ಹಳೆಯ ಧರ್ಮವನ್ನು ಅಸಹ್ಯವೆಂದು ತೋರಿಸುವುದಾಗಿತ್ತು. ‘ಟಾರೊಬೋಲಿಯಂ’ ಎಂಬ ಗೂಳಿಬಲಿ ‘ಮಹಾಮಾತೆ’ ಎಂದು ಕರೆಯುತ್ತಿದ್ದ ಸಿಬೆಲೆ ದೇವಿಯ ಆರಾಧನೆಯಲ್ಲಿ ನಡೆಯುತ್ತಿದ್ದುದು ಖಂಡಿತ. ಲಿಯೋನ್ ನಗರದಲ್ಲಿ ಕ್ರಿ.ಶ. 160ರಷ್ಟು ಹಿಂದಿನ ಶಾಸನವೇ ಇದೆ. ಆದರೆ ಇದನ್ನು ಮಾಡಿಸಿದವರು ಹೆಮ್ಮೆಯಿಂದ ಹಾಕಿಸಿದ ಶಾಸನಗಳಲ್ಲಿ ಗುಂಡಿಯ ಮಾತಿಲ್ಲ, ಮೀಯುವ ಮಾತೂ ಇಲ್ಲ. ಆದ್ದರಿಂದ ಇಂದಿನ ಅನೇಕ ವಿದ್ವಾಂಸರು ಆ ವರ್ಣನೆಯನ್ನು ನಂಬುವುದಿಲ್ಲ, ನಾನೂ ಅವರ ಪಕ್ಷ. ರೋಮನ್ ಸಾಮ್ರಾಜ್ಯದಲ್ಲಿದ್ದ ಮಿತ್ರ (ಮಿಥ್ರಾಸ್) ದೇವರ ಆರಾಧಕರ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಅವರ ಗುಹೆಯಂಥ ಮಂದಿರಗಳಲ್ಲೆಲ್ಲ ದೇವರು ಗೂಳಿಯನ್ನು ಇರಿಯುವ ಶಿಲ್ಪವಿದೆ. ಅಲ್ಲಿ ಸಿಗುವ ಎಲುಬುಗಳನ್ನು ಎಣಿಸಿದರೆ ಕೋಳಿಯವೇ ಹೆಚ್ಚು.

ಪರಧರ್ಮದ ಬಲಿಯನ್ನು ಘೋರವಾಗಿ ಚಿತ್ರಿಸುವ ಚಟಕ್ಕೆ ವಿದ್ವಾಂಸರೂ ಬಲಿಯಾದದ್ದುಂಟು. 1889ರಲ್ಲಿ ರಾಬರ್ಟ್‌ಸನ್ ಸ್ಮಿತ್ ಬಲಿಯ ಮೂಲವನ್ನು ಬುಡಕಟ್ಟಿನವರು ದೇವರೊಡನೆ ಕೂಡಿ ಉಣ್ಣುವುದರಲ್ಲಿ ಕಂಡರು. ಆ ಸಿದ್ಧಾಂತಕ್ಕೆ ಅವರು ನೆಚ್ಚಿಕೊಂಡ ಮುಖ್ಯ ಸಾಕ್ಷ್ಯ, ಅರಬರು ಬೆಳಗಾಗುವ ಮೊದಲು ಒಂಟೆಯೊಂದನ್ನು ರಕ್ತಸಹಿತ ಹಸಿಯಾಗಿಯೇ ತಿಂದು ಮುಗಿಸುತ್ತಿದ್ದರೆಂಬ ನೀಲಸ್ ಎಂಬವನ ಹೆಸರಿನ ಕಥನ; ಅದನ್ನು ಈಗ ಸಾಹಸಕಥೆಯ ಸಾಲಿಗೆ ಸೇರಿಸುತ್ತಾರೆ. 1972ರಲ್ಲಿ ರೆನೆ ಜಿರಾರ್ ಮತ್ತು ವಾಲ್ಟರ್ ಬುರ್ಕೆರ್ಟ್ ಬೇರೆ ಬೇರೆ ದಾರಿಯಲ್ಲಿ ಕೊಲ್ಲುವ ಗಳಿಗೆಯನ್ನೇ ಧರ್ಮದ ಹುಟ್ಟಿನ ಗಳಿಗೆಯಾಗಿಸಿದರು. ಜಿರಾರರಿಗೆ ಅದು ಸಮಾಜದೊಳಗಿನ ಹಿಂಸೆಯನ್ನು ಒಂದು ಪ್ರಾಣಿಯ ಮೇಲೆ ಹೊರಿಸುವ ಉಪಾಯ, ಬುರ್ಕೆರ್ಟರಿಗೆ ಬೇಟೆಗಾರನ ಅಪರಾಧಪ್ರಜ್ಞೆಯ ನಾಟಕ. ಎರಡೂ ಪ್ರತಿಭಾಶಾಲಿ ಬರಹಗಳು, ಎರಡೂ ಅತಿಯಾಗಿ ವ್ಯಾಪಿಸಿದವು. ಬುರ್ಕೆರ್ಟರ ವಾದಕ್ಕೆ ಚೆನ್ನಾಗಿ ಹೊಂದುವ ವಿಧಿಯೊಂದು ಅಥೆನ್ಸಿನಲ್ಲಿ ಇದ್ದದ್ದು ನಿಜ: ಬುಫೋನಿಯ ಎಂಬ ಹಬ್ಬದಲ್ಲಿ ಎತ್ತನ್ನು ಕೊಂದವನು ಓಡಿಹೋಗುತ್ತಿದ್ದ, ತಪ್ಪನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಕೊನೆಗೆ ಕತ್ತಿಯನ್ನೇ ಅಪರಾಧಿಯೆಂದು ತೀರ್ಮಾನಿಸಿ ಸಮುದ್ರಕ್ಕೆ ಎಸೆಯುತ್ತಿದ್ದರು, ಎತ್ತಿನ ಚರ್ಮಕ್ಕೆ ಹುಲ್ಲು ತುಂಬಿ ನೇಗಿಲಿಗೆ ಕಟ್ಟಿ ನಿಲ್ಲಿಸುತ್ತಿದ್ದರು. ಆದರೆ ಇದು ಗ್ರೀಕರಿಗೇ ವಿಚಿತ್ರವೆನಿಸಿದ್ದ, ಹಳೆಗಾಲದ್ದೆನಿಸಿದ್ದ ವಿಧಿ. ಅದರ ಮೇಲೆ ಎಲ್ಲ ಬಲಿಗಳ ಸಿದ್ಧಾಂತವನ್ನು ಕಟ್ಟಲಾಗದು.

ನಿಮ್ಮ ಕೊನೆಯ ಪ್ರಶ್ನೆಗೆ, ಕರುಣೆಯ ಪಾತ್ರ ಇತ್ತು, ಆದರೆ ಅದೊಂದೇ ಕಾರಣವಲ್ಲ ಎನ್ನಬೇಕು. ಕರುಣೆ ಕೆಲವೊಮ್ಮೆ ಬಲಿಯನ್ನು ನಿಲ್ಲಿಸದೆ ಪ್ರಾಣಿಯನ್ನಷ್ಟೇ ಬದಲಿಸುತ್ತಿತ್ತು. ಹೊಸ ಗಂಟೆಗೆ ರಕ್ತ ಬಳಿಯಲು ಒಯ್ಯುತ್ತಿದ್ದ ಎತ್ತು ನಡುಗುವುದನ್ನು ನೋಡಲಾರದೆ ಪ್ರಾಚೀನ ಚೀನದ ಚೀ ರಾಜ್ಯದ ಅರಸು ಷುವಾನ್ ಅದನ್ನು ಬಿಡಿಸಿ ಕುರಿಯನ್ನು ತರಲು ಹೇಳಿದನು. ಎತ್ತನ್ನು ನೀನು ಕಂಡೆ, ಕುರಿಯನ್ನು ಕಾಣಲಿಲ್ಲ ಎಂದು ತತ್ತ್ವಜ್ಞಾನಿ ಮೆನ್ಷಿಯಸ್ ಅವನಿಗೆ ಹೇಳಿದನು. ದಕ್ಷಿಣ ಸುಡಾನಿನ ನುಯೆರ್ ಜನರು ಎತ್ತು ಒದಗದಾಗ ಕಾಡು ಸೌತೆಕಾಯಿಯನ್ನು ‘ಎತ್ತು’ ಎಂದೇ ಕರೆದು, ಎತ್ತಿಗೆ ಸಲ್ಲುವ ಕ್ರಮವನ್ನೇ ಅನುಸರಿಸಿ ಅರ್ಪಿಸುತ್ತಿದ್ದುದನ್ನು ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ದಾಖಲಿಸಿದ್ದಾರೆ. ಎರಡು ಪಾರಿವಾಳಗಳಿಗೂ ಗತಿಯಿಲ್ಲದ ಬಡವನು ಸ್ವಲ್ಪ ಹಿಟ್ಟನ್ನು ತಂದು ದೋಷಪರಿಹಾರ ಮಾಡಿಕೊಳ್ಳಬಹುದೆಂದು ಯಾಜಕಕಾಂಡವೇ ಅನುಮತಿಸುತ್ತದೆ. ಯಜ್ಞಕ್ಕೆ ಯೋಗ್ಯವಾದ ಸತ್ವವು ಮನುಷ್ಯನಿಂದ ಕುದುರೆಗೆ, ಅಲ್ಲಿಂದ ಎತ್ತು, ಕುರಿ, ಆಡುಗಳಿಗೆ ದಾಟಿ ಕೊನೆಗೆ ಭೂಮಿಯನ್ನು ಹೊಕ್ಕು ಅಕ್ಕಿ ಮತ್ತು ಜವೆಯಾಯಿತೆಂದು ಶತಪಥ ಬ್ರಾಹ್ಮಣ ಹೇಳುತ್ತದೆ. ಹಾಗಾದರೆ ಪುರೋಡಾಶವೆಂಬ ಯಜ್ಞದ ರೊಟ್ಟಿಯ ಹಿಟ್ಟಿನಲ್ಲಿ ಪಶುವೇ ಇದೆ. ಆದರೆ ಜೈನರು ಈ ರಾಜಿಯನ್ನೂ ಒಪ್ಪಲಿಲ್ಲ. ಜನ್ನ 1209ರಲ್ಲಿ ಕನ್ನಡದಲ್ಲಿ ಹೇಳಿದ ಯಶೋಧರನ ಕಥೆಯಲ್ಲಿ ಹಿಟ್ಟಿನ ಕೋಳಿಯನ್ನು ಕಡಿದ ತಾಯಿಮಕ್ಕಳು ಭವಭವಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ನರಳುತ್ತಾರೆ, ಏಕೆಂದರೆ ಅಲ್ಲಿ ಪಾಪವಿರುವುದು ಕೊಲ್ಲುವ ಸಂಕಲ್ಪದಲ್ಲಿ. ಬದಲಿ ವಸ್ತುವಿನ ಇಡೀ ತರ್ಕಕ್ಕೆ ಇಷ್ಟು ನಿಷ್ಠುರವಾದ ಉತ್ತರವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಒಳಗಿನಿಂದ ಎದ್ದ ಟೀಕೆಗಳೂ ಹಳೆಯವೇ. ನಾನು ಎತ್ತುಗಳ ಮಾಂಸವನ್ನು ತಿನ್ನುವೆನೋ, ಹೋತಗಳ ರಕ್ತವನ್ನು ಕುಡಿಯುವೆನೋ ಎಂದು ಬೈಬಲ್ಲಿನ 50ನೆಯ ಕೀರ್ತನೆಯಲ್ಲಿ ದೇವರೇ ಕೇಳುತ್ತಾನೆ. ನೂರಾರು ಪಶುಗಳನ್ನು ಯಜ್ಞಕ್ಕೆ ತಂದಿದ್ದ ಕೂಟದಂತನೆಂಬ ಬ್ರಾಹ್ಮಣನಿಗೆ ಬುದ್ಧನು ತುಪ್ಪ, ಎಣ್ಣೆ, ಮೊಸರು, ಜೇನುಗಳಿಂದಲೇ ಮುಗಿದ ಪೂರ್ವಕಾಲದ ಯಜ್ಞವೊಂದರ ಕಥೆ ಹೇಳಿದನು. ಅಶೋಕನು ತನ್ನ ಮೊದಲನೆಯ ಶಿಲಾಶಾಸನದಲ್ಲಿ ಜೀವಿಗಳನ್ನು ಕೊಂದು ಬಲಿಕೊಡುವುದನ್ನು ನಿಷೇಧಿಸಿದನು, ತನ್ನ ಅಡುಗೆಮನೆಯಲ್ಲಿ ಇನ್ನೂ ಎರಡು ನವಿಲು, ಒಂದು ಜಿಂಕೆ ಸಾಯುತ್ತಿವೆ ಎಂಬುದನ್ನೂ ಮುಚ್ಚಿಡದೆ ಕೆತ್ತಿಸಿದನು. ಕುರಾನಿನ 22ನೆಯ ಅಧ್ಯಾಯವು ಬಲಿಯನ್ನು ಉಳಿಸಿಕೊಂಡೇ, ಅವುಗಳ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ಭಕ್ತಿ ಎನ್ನುತ್ತದೆ.

ಆದರೆ ಟೀಕೆಯೊಂದರಿಂದಲೇ ಇಷ್ಟು ದೊಡ್ಡ ವ್ಯವಸ್ಥೆಗಳು ನಿಲ್ಲುವುದಿಲ್ಲ. ಯೆಹೂದ್ಯರ ಬಲಿ ನಿಂತದ್ದು ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಸುಟ್ಟಾಗ. ಬಲಿಗೆ ವಿಧಿಸಿದ್ದ ಒಂದೇ ಜಾಗ ಇಲ್ಲವಾದ ಮೇಲೆ ಪ್ರಾರ್ಥನೆಯೂ ಶಾಸ್ತ್ರಾಧ್ಯಯನವೂ ಅದರ ಸ್ಥಾನಕ್ಕೆ ಬಂದವು. ಗೆರಿಜೀಮ್ ಬೆಟ್ಟವನ್ನು ಪವಿತ್ರವೆಂದು ನಂಬಿದ ಸಮಾರ್ಯದವರಿಗೆ ಬೆಟ್ಟ ಉಳಿದಿತ್ತು, ಆದ್ದರಿಂದ ಅವರು ಪಸ್ಕ ಹಬ್ಬದ ಕುರಿಗಳನ್ನು ಇಂದಿಗೂ ಅಲ್ಲಿ ಬಲಿಕೊಡುತ್ತಾರೆ. ರೋಮಿನಲ್ಲಿ ಹಣವೂ ಕಾನೂನೂ ಕೂಡಿ ಕೆಲಸ ಮಾಡಿದವು. ಬಲಿಯ ಮಾಂಸಕ್ಕೆ ಕೊಳ್ಳುವವರೇ ಅಪರೂಪವಾಗಿದ್ದರು, ಈಗ ಮತ್ತೆ ಮಾರಾಟವಾಗುತ್ತಿದೆ ಎಂದು ಸುಮಾರು 112ರಲ್ಲಿ ಪ್ರಾಂತಾಧಿಕಾರಿ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿದೆ. 341ರಲ್ಲಿ ಚಕ್ರವರ್ತಿ ಕಾನ್ಸ್‌ಟಾಂಟಿಯಸ್ ‘ಬಲಿಯ ಹುಚ್ಚು’ ಅಳಿಯಲೆಂದು ಕಾನೂನು ಮಾಡಿದನು. ಅದನ್ನು ತಿರುಗಿಸಲು ಹೊರಟ ಚಕ್ರವರ್ತಿ ಜೂಲಿಯನ್ 362ರಲ್ಲಿ ಆಂಟಿಯೋಕ್ ಬಳಿಯ ಅಪೊಲೊ ದೇವಾಲಯದ ಉತ್ಸವಕ್ಕೆ ಸಾಲು ಸಾಲು ಪಶುಗಳನ್ನು ಕಲ್ಪಿಸಿಕೊಂಡು ಹೋದರೆ, ಅಲ್ಲಿದ್ದುದು ಪುರೋಹಿತ ತನ್ನ ಮನೆಯಿಂದ ತಂದ ಒಂದು ಹೆಬ್ಬಾತು ಮಾತ್ರ. ನಗರ ಏನನ್ನೂ ಕೊಟ್ಟಿರಲಿಲ್ಲ. ಇದನ್ನು ಜೂಲಿಯನ್ ತಾನೇ ಬರೆದುಕೊಂಡಿದ್ದಾನೆ. 391ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹೊರಡಿಸಿದ ನಿಷೇಧಕ್ಕೆ ಮೊದಲೇ, ಬಲಿಯನ್ನು ಪೋಷಿಸುತ್ತಿದ್ದ ನಗರಗಳ ಉತ್ಸಾಹ ಎಷ್ಟೋ ಕಡೆ ಆರಿಹೋಗಿತ್ತು.

ಉಳಿದುಬಂದ ಕಡೆಗಳಲ್ಲಿ ಈ ಪ್ರಶ್ನೆ ಈಗ ನ್ಯಾಯಾಲಯಗಳ ಮುಂದಿದೆ. ಫ್ಲಾರಿಡದ ಹಯಲಿಯಾ ನಗರವು ಒರಿಶಾ ಆರಾಧಕರ ಬಲಿಯನ್ನು ತಡೆಯಲು ಮಾಡಿದ ನಿಯಮಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ 1993ರಲ್ಲಿ ಒಮ್ಮತದಿಂದ ರದ್ದುಗೊಳಿಸಿತು. ಪ್ರಾಣಿಗಳನ್ನು ಇತರ ಕಾರಣಗಳಿಗೆ ಕೊಲ್ಲುವುದನ್ನು ಹಾಗೆಯೇ ಬಿಟ್ಟು ಪೂಜೆಗಾಗಿ ಕೊಲ್ಲುವುದನ್ನು ಮಾತ್ರ ಅಪರಾಧವಾಗಿಸಿದರೆ, ಆ ನಿಯಮದ ಗುರಿ ಧರ್ಮವೇ ಎಂಬುದು ತೀರ್ಪಿನ ತರ್ಕವಾಗಿತ್ತು. ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಆಫ್ರಿಕ ಮೂಲದ ಧರ್ಮಗಳ ಪ್ರಾಣಿಬಲಿಯನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು.